ಗರಗಸದ ಮಿಷನ್ನಿಗೆ ಕಾಲು ತಂದಿದ್ದು

ಈ ಸಲ ಅಡಿಗೆ ವಿಷಯ ಬರೀತಿಲ್ಲ. ಹಂಗಂತ ಓದದೆ ಬಿಟ್ಬಿಡ್ಬೇಡಿ ಅತ್ತಿಗೆ, ಅಡಿಗೆಮನೆ ಮಧ್ಯದಲ್ಲಿ ಬಂದೇ ಬರುತ್ತೆ. ನಮ್ಮನೆಯವ್ರ ಮರ ಕುಯ್ಯೋ ಮಿಷನ್ನಿಗೆ ಒಂದು ಸ್ಟ್ಯಾಂಡ್ ತಗೊಂಡ್ವಿ. ಅದನ್ನ ಆರಿಸೋಕೆ ನಾವಿಬ್ರೂ ಎರಡು ತಿಂಗಳು ಓಡಾಡಿದೀವಿ, ಮಾತಿಗೆ ಮಾತು ಬೆಳೆಸಿದೀವಿ, ಟೇಪು ಹಿಡ್ಕೊಂಡು ಅಂಗಡಿ ಅಂಗಡಿ ತಿರುಗಿದೀವಿ. "ಒಂದು ಸ್ಟ್ಯಾಂಡಿಗೆ ಇಷ್ಟೊಂದಾ?" ಅಂತ ನಮ್ಮತ್ತೆ ಕೇಳಿದ್ರು. ಇಷ್ಟೊಂದೇ. ನಮ್ಮ ಬಳಗದಲ್ಲೇ ನೋಡಿ, ಅರಕಲಗೂಡು ಚಿಕ್ಕಮ್ಮನ ಅಳಿಯಂದಿರ ಹತ್ರ ಈ ಮಿಷನ್ ಇದೆ, ಚನ್ನರಾಯಪಟ್ಟಣದಲ್ಲಿ ನನ್ನ ವಾರಗಿತ್ತಿ ತಮ್ಮ ಅಲ್ಯೂಮಿನಿಯಂ ಕಿಟಕಿ ಮಾಡೋಕೆ ಇಟ್ಕೊಂಡಿದಾನೆ. ಇಬ್ರೂ ಇನ್ನೂ ನೆಲದ ಮೇಲೇ ಇಟ್ಟು ಕುಯ್ತಾರೆ. ಅವರ ಮನೆ ಹೆಂಗಸ್ರು ಓದ್ಲಿ ಅಂತಾನೇ ಇದನ್ನ ಬರೀತಿರೋದು.

ಮಿಷನ್ ನೋಡಿಲ್ದೋರಿಗೆ ವಸಿ ಹೇಳ್ಬಿಡ್ತೀನಿ. ಮೈಟರ್ ಸಾ ಅಂತ ಅದರ ಹೆಸರು, ನಮ್ಮ ಕೆಲಸದ ಹುಡುಗ್ರು ಕಟಿಂಗ್ ಮಿಷನ್ನು ಅಂತಾರೆ. ಕೆಳಗೊಂದು ಕಬ್ಬಿಣದ ಪೀಠ, ಮೇಲೆ ಊಟದ ತಟ್ಟೆಯಷ್ಟು ಅಗಲದ, 10 ಇಂಚಿನ ಹಲ್ಲಿನ ಚಕ್ರ. ಪೀಠದ ಮೇಲೆ ಮರ ಇಟ್ಟು, ಹಿಡಿ ಹಿಡ್ಕೊಂಡು ಕೆಳಕ್ಕೆ ತಂದ್ರೆ ತುಂಡು. ಪೀಠ ಎಡಕ್ಕೂ ಬಲಕ್ಕೂ ತಿರುಗುತ್ತೆ. 45 ಡಿಗ್ರಿಗೆ ತಿರುಗಿಸಿ ಎರಡು ಪಟ್ಟಿ ಓರೆಯಾಗಿ ಕುಯ್ದು ಜೋಡಿಸಿದ್ರೆ, ದೇವರ ಫೋಟೋ ಕಟ್ಟಿನ ಮೂಲೆ ಇರುತ್ತಲ್ಲ, ಹಂಗೆ ಕೂತ್ಕೊಳುತ್ತೆ. ಬಾಗಿಲಿನ ಬೀಡಿಂಗು, ಕಿಟಕಿ ಚೌಕಟ್ಟು, ವಾಸ್ಕಲ್ಲಿನ ಮರ, ದೇವರ ಮನೆ ಪಟ್ಟಿ, ಉದ್ದಕ್ಕಿರೋದೆಲ್ಲ ಇದರಲ್ಲೇ. ಪ್ಲೈವುಡ್ ಹಲಗೆ ಸೀಳೋಕೆ ಬೇರೆ ಮಿಷನ್ ಇದೆ, ಅದರ ಮಾತು ಈಗ ಬೇಡ.

ನಮ್ಮನೆಯವ್ರಿಗೆ ಸ್ವಂತ ಶೆಡ್ಡು ಇಲ್ಲ. ಕೆಲಸ ಇರೋ ಮನೇಗೇ ಹೋಗಿ ಮಾಡೋದು. ಇವತ್ತು ಹಾಸನದಲ್ಲಿ ವಿದ್ಯಾನಗರ, ನಾಳೆ ಹೊಳೆನರಸೀಪುರ, ಆಮೇಲೆ ಒಂದು ತಿಂಗಳು ಅರಕಲಗೂಡು. ಹಳೇ ಓಮ್ನಿ ಕಾರಿನ ಹಿಂದಿನ ಸೀಟು ಕಿತ್ತು ಹಾಕಿ ಸಾಮಾನೆಲ್ಲ ತುಂಬ್ಕೊಂಡು ಹೋಗ್ತಾರೆ. ಹಂಗಾಗಿ ನಮ್ಗೆ ಬೇಕಾಗಿದ್ದು ಒಂದೇ ಕಡೆ ನಿಲ್ಲೋ ಮೇಜಲ್ಲ. ಮಡಚಿ, ಎತ್ತಿ, ಹೊಸ ಮನೇಲಿ ಬಿಚ್ಚಿ, ಸಂಜೆ ಮತ್ತೆ ಮಡಚೋ ಅಂಥದ್ದು. ಆರಿಸೋಕೆ ಕಷ್ಟ ಆಗಿದ್ದೂ ಅದಕ್ಕೇ.

ನಮ್ಮ ಮಾವನ ಕಾಲದಲ್ಲಿ ಇದ್ಯಾವ್ದೂ ಇರ್ಲಿಲ್ಲ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕಾಲಿನ ಹೆಬ್ಬೆರಳಲ್ಲಿ ಮರ ಅದುಮಿ ಹಿಡ್ಕೊಂಡು ಗರಗಸ ಎಳೀತಿದ್ರು. ಉಳಿ, ಬಾಚಿ, ಉಜ್ಜುಗೊರಡು ಎಲ್ಲ ಕೈ ಚಾಚಿದ್ರೆ ಸಿಗೋ ಹಂಗೆ ಸುತ್ತ ಹರಡಿರ್ತಿತ್ತು. ಜಪಾನಿನ ಬಡಗಿಗಳೂ ಹಿಂದಿನಿಂದ ನೆಲದ ಮೇಲೇ ಕೆಲಸ ಮಾಡಿದೋರಂತೆ, ನಾವು ಮಾತ್ರ ಅಲ್ಲ. ಎಪ್ಪತ್ತು ದಾಟಿದ್ರೂ ಮಾವ ಸೊಂಟ ಅಂತ ಕೈ ಇಟ್ಕೊಂಡೋರಲ್ಲ. ಅದನ್ನ ನೋಡಿ ಬೆಳೆದ ನಮ್ಮನೆಯವ್ರು, "ಅಪ್ಪಂಗೆ ಇಲ್ದಿದ್ದ ಸ್ಟ್ಯಾಂಡು ನಂಗ್ಯಾಕೆ?" ಅಂತಿದ್ರು.

ನಾನು ಹೇಳ್ದೆ, ಅಪ್ಪ ಕೂತಿದ್ರು ರೀ, ನೀವು ಬಗ್ತಿದೀರಾ. ಅದೂ ಇದೂ ಒಂದೇನಾ? ಈಳಿಗೆಮಣೆ ಮೇಲೆ ಕೂತು ಒಂದು ಮೂಟೆ ಹುರುಳಿಕಾಯಿ ಹೆಚ್ಚಬಹುದು, ತರಕಾರಿ ಈ ಕಡೆ, ಪಾತ್ರೆ ಆ ಕಡೆ, ಏಳೋ ಹಂಗೇ ಇಲ್ಲ. ಅದೇ ಗ್ಯಾಸ್ ಒಲೆ ನೆಲದ ಮೇಲಿಟ್ಟು, ನಿಂತ್ಕೊಂಡು, ಬಗ್ಗಿ ಬಗ್ಗಿ ಒಗ್ಗರಣೆ ಹಾಕಿ ನೋಡಿ ಅಂದೆ. ಮಾವ ದಿನಕ್ಕೆ ಕುಯ್ತಿದ್ದದ್ದು ಬೆರಳೆಣಿಕೆ ಮರ. ಮಿಷನ್ ಬಂದ್ಮೇಲೆ ಬೀಡಿಂಗ್ ಕೆಲಸದ ದಿನ ಇನ್ನೂರು ಸಲ ಕುಯ್ತಾರೆ. ಇನ್ನೂರು ಸಲಾನೂ ಮರ ಎತ್ತು, ಬಗ್ಗು, ಗುರುತು ನೋಡೋಕೆ ಇನ್ನೂ ಬಗ್ಗು, ಒತ್ತು, ಏಳು. ಜೊತೆಗೆ ಚಕ್ರದ ಗಾಳಿಗೆ ಹೊಟ್ಟೆಲ್ಲ ಮೂಗಿಗೆ, ಕಣ್ಣಿಗೆ. ಸಕಲೇಶಪುರದ ತೋಟದಿಂದ ಬರೋ ಸಿಲ್ವರ್ ಓಕ್ ಕುಯ್ದ ದಿನವಂತೂ ಅಂಗಿ ಕೊಡವಿದ್ರೆ ಅಂಗಳ ಬಿಳೀ ಆಗುತ್ತೆ.

ಹೋದ ಚಳಿಗಾಲದಲ್ಲಿ ಅರಕಲಗೂಡಿನ ಕೆಲಸದಲ್ಲಿ ಒಂದು ದಿನ ಬಗ್ಗಿದೋರು ಏಳೋಕೇ ಆಗ್ಲಿಲ್ಲ. ಹುಡುಗ ಮತ್ತೆ ಮನೆಯೋರು ಸೇರಿ ಎತ್ತಿ ಓಮ್ನಿಯಲ್ಲಿ ಮಲಗಿಸ್ಕೊಂಡು ಬಂದ್ರು. ಹಾಸನದಲ್ಲಿ ಡಾಕ್ಟ್ರು ಫೋಟೋ ತೆಗೆಸಿ, ಬೆನ್ನು ಮೂಳೆ ಮಧ್ಯದ ಡಿಸ್ಕು ಜರುಗಿದೆ ಅಂದ್ರು. ಮೂರು ವಾರ ಮಂಚದ ಮೇಲೆ. ಆ ಮೂರು ವಾರ ಹುಡುಗಂಗೆ ಅರ್ಧ ಕೂಲಿ ಕೊಟ್ವಿ, ಬಿಟ್ರೆ ಬೇರೆ ಕಡೆ ಹೋಗ್ಬಿಡ್ತಾನೆ. ಆ ಮನೆಯೋರ ಗೃಹಪ್ರವೇಶದ ದಿನ ಹತ್ರ ಬರ್ತಿತ್ತು, ಅವರು ಪಾಪ ಬಾಯಿ ಬಿಟ್ಟು ಏನೂ ಅನ್ಲಿಲ್ಲ, ಆದ್ರೆ ದಿನಾ ಫೋನು. ಮನೆ ಲೆಕ್ಕದ ಪುಸ್ತಕ ನನ್ನ ಕೈಲಿರೋದು. ಆ ತಿಂಗಳ ಹಾಳೆ ತೆಗೆದು ನೋಡಿದ್ರೆ ಈಗ್ಲೂ ಹೊಟ್ಟೆ ತೊಳಸುತ್ತೆ. ಬಂದ ಕಡೆ ಖಾಲಿ, ಹೋದ ಕಡೆ ಔಷಧಿ, ಗಾಡಿ, ಕೂಲಿ, ಮಗಳ ಸ್ಕೂಲ್ ಫೀಸು.

ಎದ್ದು ಓಡಾಡೋ ಹಂಗಾದ್ಮೇಲೆ ಅವರೇ ಒಂದು ಉಪಾಯ ಮಾಡಿದ್ರು. ಕೆಲಸದ ಮನೇಲಿ 20 ಲೀಟರಿನ ಖಾಲಿ ಪೇಂಟ್ ಬಕೀಟು ಬೇಕಾದಷ್ಟು ಬಿದ್ದಿರುತ್ತಲ್ಲ, ಅದನ್ನ ಬೋರಲು ಹಾಕಿ, ಮೇಲೊಂದು ಹಲಗೆ, ಅದರ ಮೇಲೆ ಮಿಷನ್. ಎತ್ತರ ಪರವಾಗಿಲ್ಲ ಅನ್ನೋ ಹಂಗಾಯ್ತು. ಆದ್ರೆ ಹಲಗೆ ಎರಡೂ ಪಕ್ಕಕ್ಕೆ ಒಂದೊಂದು ಅಡಿ ಮಾತ್ರ. ಅಲ್ಲೇ ಇದ್ದಿದ್ದು ಗ್ರಹಚಾರ.

ಹೊಳೆನರಸೀಪುರದಲ್ಲಿ, ಹೊಳೆ ಕಡೆಗಿರೋ ಒಂದು ಮನೆ. 10 ಅಡಿ ಉದ್ದದ ತೇಗದ ಬೀಡಿಂಗು. ಒಂದು ತುದಿ ನಮ್ಮ ಹುಡುಗ ಹಿಡ್ಕೊಂಡಿದ್ದ. ಹಿಡ್ಕೊಂಡು ಹಿಡ್ಕೊಂಡು ಕೈ ಸೋತು ಒಂದು ಚೂರು ಇಳಿಸಿದಾನೆ. ಅಷ್ಟೇ. ಮರದ ತುದಿ ಕೆಳಕ್ಕೆ ಹೋದ್ರೆ, ಕುಯ್ತಿರೋ ಜಾಗ ಬಾಯಿ ಮುಚ್ಕೊಳುತ್ತೆ, ಒಳಗೆ ಓಡ್ತಿರೋ ಚಕ್ರಾನ ಕಚ್ಚಿ ಹಿಡಿಯುತ್ತೆ. ಚಕ್ರ ಓಡೋದು ನಿಮಿಷಕ್ಕೆ ನಾಲ್ಕೂವರೆ ಐದು ಸಾವಿರ ಸುತ್ತು. ಕಚ್ಚಿದ ಮರನ ಅದು ಕಿತ್ತು ಎಸೆದೇ ಎಸೆಯುತ್ತೆ. ತುಂಡು ಹಾರಿ ಎದುರಿನ ಹೊಸ ವಾರ್ಡ್‌ರೋಬಿನ ಬಾಗಿಲಿಗೆ ಬಡೀತು. ಹುಡುಗನ ಕೈ ಒಂದು ಗೇಣು ಆಚೆ ಇತ್ತು. ಬಾಗಿಲು ನಾವೇ ಹೊಸದು ಮಾಡಿಕೊಟ್ವಿ, ಅದಕ್ಕೆ ದುಃಖ ಇಲ್ಲ. ಅವನಿಗಿನ್ನೂ ಹತ್ತೊಂಬತ್ತು. ಕೋಣನೂರು ಕಡೆ ಹಳ್ಳಿಯಿಂದ ಅವರವ್ವ ನನ್ನನ್ನ ನಂಬಿ ಕಳಿಸಿರೋದು. ಹಬ್ಬಕ್ಕೆ ಬಂದಾಗೆಲ್ಲ "ನಿನ್ನ ಮಡ್ಲಿಗೆ ಹಾಕಿದೀನಿ ಕಣವ್ವ" ಅಂತ ಹೇಳಿ ಹೋಗೋರು. ಆ ಸಂಜೆ ನಾನು ಹೇಳ್ಬಿಟ್ಟೆ, ಚೀಟಿ ದುಡ್ಡು ಎತ್ತಿದ ಕೂಡ್ಲೇ ಸ್ಟ್ಯಾಂಡು, ಬೇರೆ ಮಾತಿಲ್ಲ.

ಚೀಟಿ ದುಡ್ಡು ಯಾವುದಕ್ಕಿಟ್ಟಿದ್ದೆ ಅಂತ ನಿಮ್ಗೆ ಗೊತ್ತೇ ಇದೆ. ನಮ್ಮ ಅಡಿಗೆಮನೆ ಕಟ್ಟೆ. ಇಲ್ಲಿ ಬಂತು ನೋಡಿ ಅಡಿಗೆಮನೆ.

ನಮ್ಮ ಮನೆ ಕಟ್ಟಿದ ಗಾರೆ ಮೇಸ್ತ್ರಿ ಆರಡಿ ಆಳು. ಕಟ್ಟೇನ ಅವನ ಸೊಂಟಕ್ಕೆ ಅಳತೆ ಇಟ್ಟು ಕಟ್ಟಿ ಹೋದ. 34 ಇಂಚು. ನಾನು ಐದಡಿ. ಕಟ್ಟೆ ಮೇಲೆ ಗ್ಯಾಸ್ ಒಲೆ, ಅದೊಂದು ಐದಾರು ಇಂಚು. ಅದರ ಮೇಲೆ ಮುದ್ದೆ ಪಾತ್ರೆ. ಮುದ್ದೆ ಕೋಲು ತಿರುವಬೇಕಾದ್ರೆ ನನ್ನ ಮೊಣಕೈ ಹೆಗಲಿನ ಮಟ್ಟಕ್ಕೆ ಬರುತ್ತೆ. ಕಟ್ಟೆ ಎತ್ತರ ಅಂತ ಎಲ್ರೂ ಕಲ್ಲಿನವರೆಗೆ ಅಳೀತಾರೆ, ಕೆಲಸ ನಡೆಯೋದು ಕಲ್ಲಿನ ಮೇಲಲ್ಲ, ಪಾತ್ರೆ ಬಾಯಲ್ಲಿ. ಹದಿನಾಲ್ಕು ವರ್ಷ ಮಣೆ ಮೇಲೆ ನಿಂತು ಮುದ್ದೆ ತಿರುವಿದೀನಿ, ಈ ಒಂದು ವಿಷಯದಲ್ಲಿ ನನಗೆ ಯಾರೂ ಪಾಠ ಹೇಳ್ಬೇಕಾಗಿಲ್ಲ.

ಸ್ಟ್ಯಾಂಡ್ ಅಂಗಡಿಯೋರೂ ಅದೇ ತರ. ಹಾಸನದಲ್ಲಿ ಎರಡು ಅಂಗಡಿ, ಆಮೇಲೆ ಬೆಂಗಳೂರಿಗೆ ಅಂತಾನೇ ಹೋಗಿ ಎಸ್.ಜೆ.ಪಿ. ರೋಡಲ್ಲಿ ಮೂರು ಅಂಗಡಿ. "ಎತ್ತರ ಎಷ್ಟು?" ಅಂದ್ರೆ ಸ್ಟ್ಯಾಂಡಿನ ಎತ್ತರ ಹೇಳ್ತಾರೆ. ಮಿಷನ್ನಿನ ಪೀಠ ಅದರ ಮೇಲೆ ಇನ್ನೊಂದು ನಾಲ್ಕು ಇಂಚು ಏರುತ್ತೆ ಅನ್ನೋದು ಯಾರ ಬಾಯಲ್ಲೂ ಬರ್ಲಿಲ್ಲ. ಒಂದು ಅಂಗಡೀಲಿ ನಾನು ಟೇಪು ತೆಗೆದಿದ್ದಕ್ಕೆ, "ಮೇಡಂ, ಇದು ಕಿಚನ್ ಐಟಮ್ ಅಲ್ಲ" ಅಂತ ನಕ್ಕ. ನಗ್ಲಿ ಬಿಡಿ.

ನಾವು ಲೆಕ್ಕ ಹಾಕಿದ್ದು ಹಿಂಗೆ. ನಮ್ಮನೆಯವ್ರು ಐದೂವರೆ ಅಡಿಗೆ ಒಂದಿಂಚು ಕಮ್ಮಿ. ಚಪ್ಪಲಿ ಹಾಕ್ಕೊಂಡು ನೆಟ್ಟಗೆ ನಿಂತು ಮೊಣಕೈ ಮಡಚಿದ್ರೆ ನೆಲದಿಂದ ಮೊಣಕೈಗೆ ಸುಮಾರು 41 ಇಂಚು. ಹಗುರ ಕೆಲಸ ಆದ್ರೆ ಮೊಣಕೈಯಿಂದ ಎರಡು ಮೂರು ಇಂಚು ಕೆಳಗೆ ಸಾಕು. ಹೆಚ್ಚೋದು, ಲಟ್ಟಿಸೋದು, ಒತ್ತೋದು ಅಂದ್ರೆ ಇನ್ನೂ ವಸಿ ಕೆಳಗೆ ಇರ್ಬೇಕು, ಮೈಭಾರ ಬೀಳ್ಬೇಕಲ್ಲ. ಚಪಾತಿ ಲಟ್ಟಿಸೋರಿಗೆ ಇದು ಗೊತ್ತು. ಅವರ ಮಿಷನ್ನಿಗೆ ಐದು ಇಂಚು ಬಿಟ್ವಿ, ಪೀಠ 36ರಲ್ಲಿ ಇರ್ಬೇಕು. ಪೀಠದ್ದೇ 4 ಇಂಚು ಕಳೆದ್ರೆ ಸ್ಟ್ಯಾಂಡ್ 32. ಹಾಸನದ ಅಂಗಡಿಯಲ್ಲಿದ್ದ ಅಗ್ಗದ ಸ್ಟ್ಯಾಂಡು 26 ಇಂಚು. ಅದನ್ನ ತಂದಿದ್ರೆ ದುಡ್ಡು ಕೊಟ್ಟು ಮತ್ತೆ ಬಗ್ಗೋದೇ ಆಗ್ತಿತ್ತು. ನಿಮ್ಮನೇಲಿ ತರೋದಾದ್ರೆ ಇದೇ ಅಳತೆ ತಗೋಬೇಡಿ, ಅವರವರ ಮೊಣಕೈ ಅವರವರದ್ದು. ಇಬ್ರು ಅಣ್ಣತಮ್ಮಂದ್ರು ಒಂದೇ ಮಿಷನ್ನಲ್ಲಿ ಕೆಲಸ ಮಾಡೋದಾದ್ರೆ ಗಿಡ್ಡ ಇರೋರಿಗೆ ಅಂತ ಇಡೋದಾ ಎತ್ತರ ಇರೋರಿಗಾ ಅಂತ ಕೇಳಿದ್ರೆ, ದಿನಾ ಜಾಸ್ತಿ ಕುಯ್ಯೋರು ಯಾರೋ ಅವರಿಗೆ.

ಎತ್ತರ ಮುಗೀತು, ಉದ್ದದ ಕಥೆ. ಹೊಳೆನರಸೀಪುರದಲ್ಲಿ ಆಗಿದ್ದು ಉದ್ದದ್ದೇ ತೊಂದರೆ. ಒಳ್ಳೆ ಸ್ಟ್ಯಾಂಡಲ್ಲಿ ಎರಡೂ ಪಕ್ಕ ಕೈ ಥರ ಎಳೆಯೋ ಪೈಪು ಇರುತ್ತೆ, ತುದೀಲಿ ಮರ ಕೂರೋಕೆ ಒಂದು ಆಧಾರ. ಕೆಲವಕ್ಕೆ ಉರುಳೆ, ಕೆಲವಕ್ಕೆ ಸುಮ್ನೆ ಪಟ್ಟಿ. ಬಾಷ್ ಕಂಪನಿಯದರಲ್ಲಿ 2600 ಅಂತೊಂದು, 3800 ಅಂತೊಂದು ಬರುತ್ತೆ. ಆ ನಂಬರೇ ಉದ್ದ, ಪೂರ್ತಿ ಎಳೆದಾಗ ಅಷ್ಟು ಮಿಲ್ಲಿಮೀಟರ್. ಅಡೀಲಿ ಹೇಳ್ಬೇಕಂದ್ರೆ ಎಂಟೂವರೆ, ಹನ್ನೆರಡೂವರೆ. ಮಕಿಟಾ, ಡಿವಾಲ್ಟ್ ಕಂಪನಿಗಳೂ ಮಾಡ್ತವೆ. ಮರದ ಕೆಲಸಕ್ಕೆ ಎಂಟೂವರೆ ಅಡಿ ಸಾಕಾಗುತ್ತೆ, ಆಚೆ ಎರಡು ಅಡಿ ಚಾಚಿದ್ರೂ ನಡೆಯುತ್ತೆ. ಚನ್ನರಾಯಪಟ್ಟಣದ ಹುಡುಗಂಗೆ ಮಾತ್ರ ಅದು ಸಾಲಲ್ಲ. ಅಲ್ಯೂಮಿನಿಯಂ ಸೆಕ್ಷನ್ನು 12 ಅಡಿ ಉದ್ದ ಬರುತ್ತೆ, ತೆಳ್ಳಗಿರುತ್ತೆ, ಬಾಗುತ್ತೆ. ಅವನು ಉದ್ದದ್ದೇ ತಗೋಬೇಕು, ಇಲ್ಲಾ ತುದಿಗೆ ಬೇರೆ ಒಂದು ಆಧಾರದ ಕಾಲು ಇಟ್ಕೋಬೇಕು.

ಉದ್ದ ಎಷ್ಟೇ ಇರ್ಲಿ, ಆ ತುದಿಯ ಆಧಾರ ಮಿಷನ್ನಿನ ಪೀಠದ ಮಟ್ಟಕ್ಕೇ ಬರ್ಬೇಕು. ಮೇಲೆ ಕೆಳಗೆ ಮಾಡೋ ತಿರುಪು ಇರ್ಬೇಕು. ನೈನ್ ಯಾರ್ಡ್ಸ್ ಸೀರೆ ಇಬ್ರು ಹಿಡ್ಕೊಂಡು ಮಡಚ್ತೀವಲ್ಲ, ಒಬ್ರು ಕೈ ಮೇಲೆ ಒಬ್ರು ಕೈ ಕೆಳಗೆ ಹಿಡಿದ್ರೆ ಅಂಚಿಗೆ ಅಂಚು ಬರಲ್ಲ, ಹಂಗೇ. ಆಧಾರ ಒಂದು ದಾರದಷ್ಟು ಎತ್ತರ ಆದ್ರೂ ಮರ ಪೀಠದಿಂದ ಎದ್ದು ನಿಲ್ಲುತ್ತೆ, ಓರೆ ಕೊಯ್ತ ಕೂರಲ್ಲ, ಮೂಲೇಲಿ ಸಂದಿ. ಸಂದಿಗೆ ಮೇಣ ತುಂಬಿ ಪಾಲಿಶ್ ಹೊಡೆಯೋರು ಇದಾರೆ, ಆರು ತಿಂಗಳಿಗೆ ಮೇಣ ಉದುರುತ್ತೆ, ಆಮೇಲೆ ಮನೆಯೋರು ಫೋನ್ ಮಾಡೋದು ನಿಲ್ಲಲ್ಲ. ಅಂಗಡೀಲಿ ನಮ್ಮನೆಯವ್ರು ಉದ್ದದ ಅಲ್ಯೂಮಿನಿಯಂ ಪಟ್ಟಿ ಒಂದನ್ನ ಪೀಠದಿಂದ ತುದಿಗೆ ಇಟ್ಟು, ಕೆಳಗೆ ಬೆಳಕು ಕಾಣುತ್ತಾ ಅಂತ ಕಣ್ಣಿಟ್ಟು ನೋಡಿದ್ರು. ಒಂದು ಸ್ಟ್ಯಾಂಡಲ್ಲಿ ಕಂಡಿತು. ಆಧಾರದ ತಿರುಪು ಬಿಗಿ ಮಾಡಿದ್ರೂ ಜಾರ್ತಿತ್ತು. ಅದನ್ನ ಅಲ್ಲೇ ಬಿಟ್ವಿ, ಬೆಲೆ ಎಷ್ಟೇ ಇಳಿಸಿದ್ರೂ.

ಅಲ್ಲಾಡೋದು ಇನ್ನೊಂದು. ಒತ್ತು ಶ್ಯಾವಿಗೆ ಒರಳಿಗೆ ಮೂರು ಕಾಲು ಯಾಕಿರುತ್ತೆ ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದೀರಾ? ನೆಲ ಹೆಂಗೇ ಇರ್ಲಿ, ಮೂರು ಕಾಲು ಕೂತೇ ಕೂರುತ್ತೆ. ನಾಲ್ಕು ಕಾಲಾದ್ರೆ ಒಂದು ಮೇಲೆ ಉಳಿಯುತ್ತೆ. ನಾವು ಹೋಗೋದು ಕಟ್ತಾ ಇರೋ ಮನೆ, ಅಲ್ಲಿ ನೆಲಕ್ಕೆ ಇನ್ನೂ ಟೈಲ್ಸ್ ಬಿದ್ದಿರಲ್ಲ. ನಾಲ್ಕು ಕಾಲಿನ ಸ್ಟ್ಯಾಂಡಲ್ಲಿ ಒಂದು ಕಾಲಿಗಾದ್ರೂ ತಿರುಗಿಸಿ ಉದ್ದ ಗಿಡ್ಡ ಮಾಡೋ ಪಾದ ಇರ್ಲೇಬೇಕು. ಪಾದಕ್ಕೆ ರಬ್ಬರ್ ಇರ್ಬೇಕು. ನಾನು ಅಂಗಡೀಲಿ ಪ್ರತಿ ಸ್ಟ್ಯಾಂಡಿಗೂ ಸೊಂಟ ಕೊಟ್ಟು ಒಂದು ತಳ್ಳು ತಳ್ಳಿದೆ. ನಮ್ಮನೆಯವ್ರು ನಾಚ್ಕೊಂಡು ಆ ಕಡೆ ಹೋಗಿ ನಿಂತ್ರು. ಆದ್ರೆ ವಾಸ್ಕಲ್ಲಿನ ಮರ 5 ಇಂಚು ಅಗಲ 3 ಇಂಚು ದಪ್ಪ ಏಳು ಅಡಿ ಉದ್ದ ಅಂದ್ರೆ ತೇಗದಲ್ಲೇ ಹದಿಮೂರು ಹದಿನಾಲ್ಕು ಕೆಜಿ ಇರುತ್ತೆ. ಅದನ್ನ ಒಂದು ಪಕ್ಕಕ್ಕೆ ಹೇರಿದಾಗ ಸ್ಟ್ಯಾಂಡು ಮಗುಚಬಾರದಲ್ಲ? ಸ್ಟ್ಯಾಂಡಿನ ಮೇಲೆ ಇಷ್ಟು ಕೆಜಿ ತಡೆಯುತ್ತೆ ಅಂತ ಬರೆದಿರ್ತಾರೆ, ಅದು ಮಧ್ಯಕ್ಕೆ ಇಟ್ಟ ಭಾರದ ಲೆಕ್ಕ. ಒಂದು ತುದಿ ಅದುಮಿ ನೋಡದೆ ತಗೋಬೇಡಿ.

ಚಕ್ರದ ವಿಷಯದಲ್ಲಿ ನಮ್ಮಿಬ್ರಿಗೂ ಹೊಂದ್ಲಿಲ್ಲ. ಚಕ್ರ ಇರೋ ಸ್ಟ್ಯಾಂಡು ಭಾರೀ ಚಂದ. ಮಿಷನ್ ಬಿಚ್ಚೋ ಹಂಗೇ ಇಲ್ಲ, ಮಡಚಿ, ಓರೆ ಮಾಡಿ, ಸೂಟ್‌ಕೇಸ್ ಥರ ತಳ್ಕೊಂಡು ಹೋಗೋದು. ಸೊಂಟ ನೋವಿರೋರಿಗೆ ಅದೇ ಸರಿ ಅಂತ ನನ್ನ ವಾದ. ಅವರು ಹೇಳಿದ್ರು, "ಚನ್ನರಾಯಪಟ್ಟಣದಲ್ಲಿ ಹೈವೇ ಪಕ್ಕದ ಹೊಸ ಲೇಔಟು ಆದ್ರೆ ಸರಿ ಕಣೆ, ಬಾಗಿಲವರೆಗೂ ಗಾಡಿ ಹೋಗುತ್ತೆ, ನೆಲ ನುಣ್ಣಗಿರುತ್ತೆ. ಅರಕಲಗೂಡು ಕೋಟೆ ಕಡೆ ಓಣೀಲಿ? ಮೂರನೇ ಮನೆಗೆ ಗಾಡಿ ನಿಲ್ಲಿಸಿ, ಜಲ್ಲಿ ಮೇಲೆ ನಡ್ಕೊಂಡು, ಕೈಪಿಡಿ ಇಲ್ದಿರೋ ಮೆಟ್ಲು ಹತ್ತಬೇಕು." ಚಕ್ರದ್ದು ಸ್ಟ್ಯಾಂಡೇ 30 ಕೆಜಿ ಮೇಲೆ. ಮೇಲೆ ನಮ್ಮ ಮಿಷನ್ 14 ಕೆಜಿ. ಮೆಟ್ಲಿದ್ದಲ್ಲಿ ಚಕ್ರವೂ ಭಾರವೇ, ಎರಡೂ ಸೇರಿಸಿ ಹೊರಬೇಕು. ಚಕ್ರ ಇಲ್ದಿರೋದು 16, 17 ಕೆಜಿ. ಮಿಷನ್ ಬೇರೆ ಮಾಡಿದ್ರೆ ಹುಡುಗ ಒಂದು, ಅವರೊಂದು, ಅವರದು ಹಗುರದ್ದು. ಜೊತೆಗೆ ಓಮ್ನಿ ಒಳಗೆ ಚಕ್ರದ್ದು ಇಟ್ರೆ ಮರ ಇಡೋಕೆ ಜಾಗ ಇಲ್ಲ, ಅದನ್ನ ಗಾಡಿಗೆ ಎತ್ತೋಕೂ ಬಗ್ಗಲೇಬೇಕು. ಒಪ್ಕೊಂಡೆ. ಎಲ್ಲ ಕೆಲಸಾನೂ ನೆಲಮಹಡೀಲೇ ಇರೋರು, ಟಾಟಾ ಏಸ್ ಇರೋರು ಚಕ್ರದ್ದೇ ತಗೊಳ್ಳಿ, ದುಡ್ಡಿದ್ರೆ.

ಹಂಗಾದ್ರೆ ಮಿಷನ್ನನ್ನ ದಿನಾ ಬಿಚ್ಚಿ ಕೂರಿಸೋದು ಎಷ್ಟು ಹೊತ್ತು? ಇದೂ ನೋಡ್ಬೇಕಾದ್ದೇ. ಮಿಷನ್ನಿನ ಕೆಳಗೆ ಎರಡು ಕಬ್ಬಿಣದ ಪಟ್ಟಿ ಬೋಲ್ಟ್ ಹಾಕಿ ಬಿಗಿದುಬಿಡ್ತಾರೆ. ಆ ಪಟ್ಟಿ ಸ್ಟ್ಯಾಂಡಿನ ಹಳಿಗೆ ಕಚ್ಕೊಳುತ್ತೆ, ಒಂದು ಸನ್ನೆ ಎಳೆದ್ರೆ ಬಿಡುತ್ತೆ. ಒಂದು ಅಂಗಡೀದು ಬಿಡೋಕೆ ಸ್ಪ್ಯಾನರ್ ಬೇಕಾಗಿತ್ತು. ದಿನಾ ಸಂಜೆ ಸುಸ್ತಾದೋರು ಸ್ಪ್ಯಾನರ್ ಹುಡುಕ್ತಾರಾ? ನಾಲ್ಕನೇ ದಿನ ಮಿಷನ್ ಮತ್ತೆ ಬಕೀಟಿನ ಮೇಲೇ. ಇನ್ನೊಂದು ಮಾತು, ಮಿಷನ್ನಿನ ಬೋಲ್ಟ್ ತೂತಿನ ಅಂತರ ಎಲ್ಲಕ್ಕೂ ಒಂದೇ ಇರಲ್ಲ. ನಾವು ತೂತಿಂದ ತೂತಿಗೆ ಅಳತೆ ಬರ್ಕೊಂಡು ಹೋಗಿದ್ವಿ. ಮಿಷನ್ನನ್ನೇ ಹೊತ್ಕೊಂಡು ಹೋದ್ರೆ ಇನ್ನೂ ಒಳ್ಳೇದು.

ನಮ್ಮ ಬೀದಿ ವೆಲ್ಡಿಂಗ್ ಶಾಪಿನೋರು ಅರ್ಧ ರೇಟಿಗಿಂತ ಕಮ್ಮಿಗೆ ಮಾಡಿಕೊಡ್ತೀನಿ ಅಂದಿದ್ರು. ಅದನ್ನ ತಳ್ಳಿಹಾಕ್ಬೇಡಿ. ಒಂದೂವರೆ ಇಂಚಿನ ಚೌಕ ಪೈಪಲ್ಲಿ ಅವರು ಮಾಡಿದ್ರೆ ಆನೆ ನಿಲ್ಸಬಹುದು, ಕಂಪನೀದಕ್ಕಿಂತ ಗಟ್ಟಿ, ನಮ್ಮ ಎತ್ತರಕ್ಕೇ ಕುಯ್ದು ಕೊಡ್ತಾರೆ. ಶೆಡ್ಡಿರೋರಿಗೆ, ಅರಕಲಗೂಡು ಚಿಕ್ಕಮ್ಮನ ಅಳಿಯಂದ್ರಿಗೆ, ನಾನು ಅದನ್ನೇ ಹೇಳೋದು. ದುಡ್ಡು ಉಳಿಯುತ್ತೆ. ಆದ್ರೆ ಮಡಚೋ ಹಂಗೆ, ಹಗುರಾಗಿ, ಎಳೆಯೋ ಕೈ ಸಮಮಟ್ಟದಲ್ಲಿರೋ ಹಂಗೆ ಮಾಡೋದು ಕಷ್ಟ. ಅವರೇ ಒಪ್ಕೊಂಡ್ರು, "ಅಕ್ಕ, ಮಡಚೋ ಕೀಲು ಒಂದು ವರ್ಷಕ್ಕೆ ಲೂಜಾದ್ರೆ ನನ್ನ ಬೈಬೇಡಿ" ಅಂತ.

ದುಡ್ಡಿನ ಮಾತು ಬೇಗ ಮುಗಿಸ್ತೀನಿ. ಚಕ್ರ ಇಲ್ದಿರೋದು ಇಪ್ಪತ್ತು ಸಾವಿರದ ಒಳಗೆ ಬಂತು. ಯಾವ ಕಂಪನಿ ಅಂತ ಬರೆಯಲ್ಲ, ಮನೇಗೆ ಬಂದಾಗ ನೋಡಿ. ಸಾಲ ಬೇಕು ಅನ್ನೋರಿಗೆ ಪಿಎಂ ವಿಶ್ವಕರ್ಮ ಅಂತ ಕೇಂದ್ರ ಸರ್ಕಾರದ ಯೋಜನೆ ಇದೆ, 2023ರ ಸೆಪ್ಟೆಂಬರ್ 17ಕ್ಕೆ ಶುರುವಾಗಿದ್ದು. ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಹಿಂಗೆ 18 ಕಸುಬಿನೋರಿಗೆ. ತರಬೇತಿ ಕೊಟ್ಟು, ಸಲಕರಣೆಗೆ 15,000 ರೂಪಾಯಿವರೆಗೆ ವೋಚರ್, ಆಮೇಲೆ ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷದವರೆಗೆ, ಅದು ತೀರಿಸಿದ್ರೆ 2 ಲಕ್ಷದವರೆಗೆ ಸಾಲ. ಒಂದು ಕುಟುಂಬಕ್ಕೆ ಒಬ್ರಿಗೆ ಮಾತ್ರ. ನಮ್ಮನೇಲಿ ಮೈದನ ಹೆಸರಲ್ಲಿ ಮೊದಲೇ ಹಾಕಿದೀವೇನೋ ಅಂತ ಗೊಂದಲ ಬೇಡ, ಕುಟುಂಬ ಅಂದ್ರೆ ಗಂಡ, ಹೆಂಡತಿ, ಮದುವೆ ಆಗ್ದಿರೋ ಮಕ್ಕಳು. ನಾವು ಚೀಟೀಲೇ ಮುಗಿಸಿದ್ವಿ. ಬಡ್ಡಿ ಎಷ್ಟೇ ಕಮ್ಮಿ ಇರ್ಲಿ, ಮಲಗಿದ ಮೂರು ವಾರದಲ್ಲಿ ಕಂತು ಕಟ್ಟೋ ದಿನ ಬಂದಿದ್ರೆ ಏನಾಗ್ತಿತ್ತು ಅನ್ನೋದು ನನ್ನ ತಲೇಲಿತ್ತು.

ಹಾಸನಾಂಬೆ ಬಾಗಿಲು ತೆಗೆಯೋ ವಾರದಲ್ಲಿ ಸ್ಟ್ಯಾಂಡ್ ಬಂತು. ಊರು ತುಂಬ ಜನ, ಓಮ್ನಿ ಸಂದೀಲಿ ನುಗ್ಗಿಸ್ಕೊಂಡು ಬರೋದೇ ಸಾಹಸ ಆಯ್ತು. ಆಯುಧಪೂಜೆ ಮುಗಿದುಹೋಗಿತ್ತು, ಆದ್ರೂ ಅತ್ತೆ ಬಿಡ್ಲಿಲ್ಲ, ಅರಿಶಿನ ಕುಂಕುಮ ಇಟ್ಟು ನಿಂಬೆಹಣ್ಣು ಕುಯ್ದ್ರು. ಮರುದಿನ ಹೊಳೆನರಸೀಪುರಕ್ಕೇ ಹೋಯ್ತು, ಅದೇ ಮನೆ, ಉಳಿದಿದ್ದ ಬೀಡಿಂಗ್ ಕೆಲಸ. ಹುಡುಗಂಗೆ ಈಗ ತುದಿ ಹಿಡ್ಕೊಂಡು ನಿಲ್ಲೋ ಕೆಲಸ ಇಲ್ಲ. ಅವನು ಇನ್ನೊಂದು ಕಡೆ ಗಮ್ ಹಚ್ಚಿ ಕೂರಿಸ್ತಾ ಹೋಗ್ತಾನೆ. ಎರಡು ದಿನದ್ದು ಒಂದೂವರೆ ದಿನಕ್ಕೆ ಮುಗೀತು. ತುದೀಲಿ ಒಂದು ತಡೆ ಇದೆ, ಅದನ್ನ ಅಳತೆಗೆ ನಿಲ್ಲಿಸಿದ್ರೆ ನಲವತ್ತು ತುಂಡು ಒಂದೇ ಉದ್ದ, ಒಂದೊಂದಕ್ಕೂ ಪೆನ್ಸಿಲ್ ಗುರುತು ಬೇಕಿಲ್ಲ. ಹೋಳಿಗೆ ಕಣಕದ ಉಂಡೆ ಒಂದೇ ಸಮ ಬಂದ್ರೆ ನಮಗೆ ಹೆಂಗೆ ಖುಷಿಯೋ, ಅವರ ಮುಖದಲ್ಲಿ ಹಂಗೇ ಇತ್ತು.

ಸ್ಟ್ಯಾಂಡ್ ಬಂತು ಅಂತ ಭಯ ಬಿಟ್ಟಿಲ್ಲ. ಕೈ ಯಾವತ್ತೂ ಚಕ್ರದಿಂದ ಆರು ಇಂಚು ದೂರ. ಎಡಗೈ ಬಲಕ್ಕೆ ಹಾಯಿಸಿ ಹಿಡಿಯೋದು ಇಲ್ಲವೇ ಇಲ್ಲ. ಕುಯ್ದಾದ್ಮೇಲೆ ಚಕ್ರ ಪೂರ್ತಿ ನಿಲ್ಲೋವರೆಗೂ ಹಿಡಿ ಮೇಲಕ್ಕೆ ಎತ್ತೋ ಹಂಗಿಲ್ಲ, ತುಂಡು ತೆಗೆಯೋ ಹಂಗಿಲ್ಲ. ಕನ್ನಡಕ, ಮೂಗಿಗೆ ಮಾಸ್ಕ್. ಸಡಿಲ ತೋಳಿನ ಅಂಗಿ, ಕೈಲಿ ದಾರ ಬೇಡ ಅಂತ ಹುಡುಗಂಗೆ ಹೇಳಿ ಹೇಳಿ ದೇವಸ್ಥಾನದ ದಾರಾನ ಕೊರಳಿಗೆ ಹಾಕ್ಸಿದೀನಿ, ಅದನ್ನೂ ಅಂಗಿ ಒಳಗೆ. ಚಕ್ರ ಬದಲಾಯಿಸೋವಾಗ ಪ್ಲಗ್ ಕಿತ್ತು ಜೇಬಲ್ಲಿ ಇಟ್ಕೊಳ್ಳೋ ಅಷ್ಟು ವೈರು ಉದ್ದ ಇಲ್ಲ, ಇದ್ದಿದ್ರೆ ಅದನ್ನೂ ಹೇಳ್ತಿದ್ದೆ. ಪ್ರತಿ ಸೋಮವಾರ ಸ್ಟ್ಯಾಂಡಿನ ಬೋಲ್ಟೆಲ್ಲ ಒಂದು ಸಲ ಬಿಗಿ ಮಾಡ್ಬೇಕು, ಮಿಷನ್ನಿನ ನಡುಕಕ್ಕೆ ಸಡಿಲ ಆಗ್ತಾ ಇರುತ್ತೆ.

ಸೊಂಟ? ಪೂರ್ತಿ ಹೋಗಿದೆ ಅಂತ ಹೇಳಲ್ಲ. ಭಾರ ಎತ್ತಿದ ದಿನ ರಾತ್ರಿ ಬಿಸಿನೀರಿನ ಚೀಲ ಕೇಳ್ತಾರೆ. ಆದ್ರೆ ಬೆಳಗ್ಗೆ ಗೋಡೆ ಹಿಡ್ಕೊಂಡು ಏಳೋದು ನಿಂತಿದೆ. ನನ್ನ ಕಟ್ಟೆ ಇನ್ನೂ 34 ಇಂಚೇ. ಮುಂದಿನ ಚೀಟಿ ಯುಗಾದಿಗೆ. ಈ ಸಲ ಮೇಸ್ತ್ರಿ ಬಂದ್ರೆ ನನ್ನ ಮೊಣಕೈ ಅಳತೆ ಬರೆದು ಗೋಡೆಗೆ ಅಂಟಿಸಿ ಇಟ್ಟಿರ್ತೀನಿ, ಒಲೆ ಎತ್ತರ ಕಳೆದು. ನಮ್ಮನೆಯವ್ರೇ ಲೆಕ್ಕ ಹಾಕಿ ಕೊಟ್ಟಿದಾರೆ, 29 ಇಂಚು.

ಅತ್ತೆ ಮಾತ್ರ ಸ್ಟ್ಯಾಂಡಿನ ಮೇಲೆ ಬೇರೆ ಕಣ್ಣಿಟ್ಟಿದಾರೆ. ಎರಡೂ ಕೈ ಎಳೆದು, ಮೇಲೆ ಹಲಗೆ ಹಾಕಿ, ಪಂಚೆ ಹಾಸಿದ್ರೆ ಸಂಡಿಗೆ ಇಡೋಕೆ ಬಗ್ಗೋ ಹಂಗೇ ಇಲ್ವಲ್ಲ ಅಂತ. ಬೇಸಿಗೇಲಿ ಒಂದು ಭಾನುವಾರ ಕೊಡ್ತೀನಿ ಅಂತ ಮಗ ಒಪ್ಕೊಂಡಿದಾರೆ, ಎಣ್ಣೆ ಅಂಶ ಮೆತ್ತಬಾರದು ಅನ್ನೋ ಷರತ್ತಿನ ಮೇಲೆ.